ಉಪ್ಪು ಬಿಟ್ಟರೂ ಬಿಡದ ಏದುಸಿರು

ಬಾಗಿಲಿನಿಂದ ನನ್ನ ಮೇಜಿಗೆ ಐದಾರು ಹೆಜ್ಜೆ. ಅಷ್ಟು ನಡೆದು ಬಂದ ಆ ಹಿರಿಯರು ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತು, ಗೋಡೆಗೆ ತೂಗುಹಾಕಿದ್ದ ಹೃದಯದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಆ ಚಿತ್ರದಲ್ಲಿ ಅಂಥದ್ದೇನೂ ಇಲ್ಲ. ಉಸಿರು ಹಿಡಿತಕ್ಕೆ ಬರುವವರೆಗೆ ರೋಗಿಗಳು ಮರ್ಯಾದೆ ಉಳಿಸಿಕೊಳ್ಳಲು ಹೀಗೆ ಏನಾದರೊಂದನ್ನು ನೋಡುತ್ತಾ ನಿಲ್ಲುತ್ತಾರೆ. ಆಮೇಲೆ ಕೂತು, ನನ್ನ ಹೆಸರಿನ ಫಲಕ ಓದಿದರು.

"ನೀವು... ನಮ್ಮ ಕಡೆಯವ್ರೇನ್ರಿ?"

"ತುಮಕೂರು," ಎಂದೆ.

"ಅಂದ್ರ... ಕನ್ನಡ ಆತಲ್ಲ. ಬರೇ... ಗ್ಯಾಸ್ ಐತ್ರಿ... ಡಾಕ್ಟರಬಾಯಾರ. ಮತ್ತೇನ್... ಇಲ್ಲ."

ವಡೋದರಾದಲ್ಲಿ ಎದೆ ಉರಿದರೂ ಗ್ಯಾಸ್, ತಲೆ ತಿರುಗಿದರೂ ಗ್ಯಾಸ್, ಬೀಗರ ಮೇಲೆ ಸಿಟ್ಟು ಬಂದರೂ ಗ್ಯಾಸ್. ಗಂಡನ ಬ್ಯಾಂಕ್ ವರ್ಗಾವಣೆಯಿಂದ ಈ ಊರಿಗೆ ಬಂದು, ಒಂದು ಧರ್ಮಾರ್ಥ ಆಸ್ಪತ್ರೆಯ ಹೃದಯ ವಿಭಾಗದಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನು ಮೊದಲು ಕಲಿತದ್ದು ಇದನ್ನೇ. ಈ ಹಿರಿಯರು ಹುಟ್ಟಿದ್ದು ಗದಗದ ಕಡೆ. ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿ ಸೂರತ್‌ಗೂ ಅಹಮದಾಬಾದಿಗೂ ಓಡಾಡಿ ನಿವೃತ್ತರಾಗಿ, ಮಂಜಲ್‌ಪುರದ ಫ್ಲ್ಯಾಟಿನಲ್ಲಿ ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದರು. ಗುಜರಾತಿಯಲ್ಲೂ ಚಿಕ್ಕಪ್ಪನಿಗೆ ಕಾಕಾ, ಅವರ ಊರಲ್ಲೂ ಕಾಕಾ. ಹಾಗಾಗಿ ನಮ್ಮ ವಾರ್ಡಿನ ಆಯಾಗಳಿಂದ ಹಿಡಿದು ನನ್ನವರೆಗೆ ಎಲ್ಲರಿಗೂ ಅವರು ಗಾರ್ಡ್ ಕಾಕಾ ಆದರು.

ಕಾಕಾ ಜೇಬಿನಿಂದ ಉಬ್ಬಸದ ಪಂಪು ತೆಗೆದು ತೋರಿಸಿದರು. ಬೇರೆಲ್ಲೋ ಆಸ್ತಮಾ ಎಂದು ಕೊಟ್ಟಿದ್ದರಂತೆ. ಏದುಸಿರು ಒಂದು ಕಾಯಿಲೆಯಲ್ಲ, ಒಂದು ದೂರು. ದೂರು ಕೊಡುವುದು ಎದೆಯಾದರೂ ತಪ್ಪು ಮಾಡಿದವರು ಎಲ್ಲೆಲ್ಲೋ ಇರಬಹುದು. ಶ್ವಾಸನಾಳ ಬಿಗಿದಿರಬಹುದು, ಶ್ವಾಸಕೋಶದಲ್ಲಿ ಸೋಂಕೋ ರಕ್ತದ ಹೆಪ್ಪೋ ಇರಬಹುದು, ರಕ್ತವೇ ಕಡಿಮೆಯಿರಬಹುದು, ಥೈರಾಯ್ಡ್ ಕೆಟ್ಟಿರಬಹುದು, ಬರೀ ಗಾಬರಿಯೂ ಇರಬಹುದು. ಇಲ್ಲವೇ ಹೃದಯ ಸೋತು, ಅದು ಮುಂದಕ್ಕೆ ತಳ್ಳಬೇಕಾದ ರಕ್ತ ಹಿಂದೆ ನಿಂತು, ಶ್ವಾಸಕೋಶಕ್ಕೆ ನೀರು ಜಿನುಗುತ್ತಿರಬಹುದು. ಯಂತ್ರ ಮುಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿದರೆ ಅರ್ಧ ದಾರಿ ಮುಗಿಯುತ್ತದೆ.

"ಮಲಗಿದಾಗ ಹೆಚ್ಚೋ, ಕೂತಾಗ ಹೆಚ್ಚೋ?"

"ಮಕ್ಕೊಂಡ್ರ... ಹೆಚ್ಚರಿ. ಎದ್ದು ಕುಂತ್ರ... ಆರಾಮ."

"ಎಷ್ಟು ದಿಂಬು ಬೇಕು?"

"ಮೂರ್ ರಿ. ನಾಕನೇದು... ಮೊಮ್ಮಗಳ್ದು. ಅದನ್ನೂ... ಕಸಗೊಂಡೇನಿ."

ಪಾದದ ಗಂಟನ್ನು ಒತ್ತಿದೆ. ಬೆರಳು ತೆಗೆದ ಮೇಲೂ ಗುಳಿ ಉಳಿಯಿತು. ಕುತ್ತಿಗೆಯ ರಕ್ತನಾಳ ಕಿವಿಯ ಹತ್ತಿರದವರೆಗೂ ಉಬ್ಬಿತ್ತು. ಬೆನ್ನಿನ ಕೆಳಭಾಗದಲ್ಲಿ ಸ್ಟೆತಸ್ಕೋಪ್ ಇಟ್ಟರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವಂಥ ಸದ್ದು. ರಕ್ತ ಪರೀಕ್ಷೆ, ಇಸಿಜಿ, ಎಕ್ಸ್-ರೇ ಆಯಿತು. ಎಕೋ ಯಂತ್ರದ ಪರದೆಯಲ್ಲಿ ಕಾಕಾನ ಹೃದಯ ಹಿಗ್ಗಿಕೊಂಡು ಸೋಮಾರಿಯಾಗಿ ಬಡಿಯುತ್ತಿತ್ತು. ಪಂಪು ಬೇಕಾಗಿದ್ದದ್ದು ನಿಜ, ಆದರೆ ಅವರ ಜೇಬಿನಲ್ಲಿದ್ದ ಪಂಪಲ್ಲ.

ಈ ಕಾಯಿಲೆಯ ಚಿಕಿತ್ಸೆ ಗೊತ್ತಿರುವುದೇ. ಹೃದಯದ ಭಾರ ಇಳಿಸುವ ಮಾತ್ರೆಗಳು, ನೀರು ಇಳಿಸುವ ಮಾತ್ರೆ, ದಿನಾ ಬೆಳಿಗ್ಗೆ ಚಹಾಕ್ಕೆ ಮೊದಲು ತೂಕ ನೋಡುವುದು, ಕುಡಿಯುವ ನೀರಿಗೆ ಮಿತಿ. ಎಲ್ಲಕ್ಕಿಂತ ಮುಖ್ಯವಾಗಿ ಉಪ್ಪು ಬಿಡುವುದು. ಉಪ್ಪು ಒಳಗೆ ಹೋದರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಆ ನೀರು ಕಾಲಿಗೆ, ಹೊಟ್ಟೆಗೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಸೊಸೆಯನ್ನು ಕೂರಿಸಿಕೊಂಡು ಹಪ್ಪಳ, ಉಪ್ಪಿನಕಾಯಿ, ಖಾಕ್ರಾ, ಗಾಂಠಿಯಾದಂಥ ಇಲ್ಲಿನ ಕುರುಕಲು, ಎಲ್ಲದರ ಹೆಸರು ಹೇಳಿ ಬೇಡವೆಂದೆ. ಸೈಂಧವ ಲವಣವೂ ಉಪ್ಪೇ ಎಂದು ಎರಡು ಸಲ ಹೇಳಿದೆ. ಆಸ್ಪತ್ರೆಯಲ್ಲಿ ಕೆಲವೇ ದಿನಗಳಲ್ಲಿ ಕಾಕಾನ ಕಾಲಿನ ಬಾವು ಇಳಿದು, ಮೂಳೆ ಕಂಡಿತು. ನಗುನಗುತ್ತಾ ಮನೆಗೆ ಹೋದರು.

ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು.

ಮತ್ತೆ ದಾಖಲು, ಮತ್ತೆ ಸೂಜಿಯಲ್ಲಿ ನೀರಿಳಿಸುವ ಔಷಧ, ಮಾತ್ರೆಯ ಪ್ರಮಾಣ ಏರಿಸಿ ಮತ್ತೆ ಮನೆ. ಮೂರನೆಯ ಸಲವೂ ಬಂದಾಗ ನನಗೆ ಕಾಕಾನ ಮೇಲೂ, ನನ್ನ ವಿದ್ಯೆಯ ಮೇಲೂ ಒಟ್ಟಿಗೆ ಸಿಟ್ಟು ಬಂತು. ಮಾತ್ರೆ ತಪ್ಪಿಸುತ್ತಾರೇನೋ ಎಂದು ವಿಚಾರಿಸಿದೆ, ಇಲ್ಲ. ಮಂಡಿನೋವಿಗೆಂದು ನೋವಿನ ಗುಳಿಗೆ ನುಂಗುತ್ತಾರೇನೋ, ಅದೂ ನೀರು ಹಿಡಿಯುತ್ತದೆ, ಅದೂ ಇಲ್ಲ. ಹೃದಯದ ತಾಳ ತಪ್ಪಿದೆಯೇ, ಮೂತ್ರಪಿಂಡ ಸೋತಿದೆಯೇ ನೋಡಿದೆ. ಎಲ್ಲವೂ ಹಿಂದಿನಂತೆಯೇ ಇತ್ತು. ಸೊಸೆಯನ್ನು ಕರೆದು, ಸ್ವಲ್ಪ ಗಡುಸಾಗಿಯೇ ಕೇಳಿದೆ.

ಆಕೆ ಕಣ್ಣಲ್ಲಿ ನೀರು ತಂದುಕೊಂಡಳು. "ಒಂದ್ ಹರಳು ಉಪ್ಪೂ ಹಾಕಂಗಿಲ್ರಿ ಮೇಡಮ್. ಅವ್ರಿಗೆ ಬ್ಯಾರೆ ಪಾತೇಲಿನ ಇಟ್ಟೇನಿ. ಬೇಕಾದ್ರ ನೀವ ಬಂದು ನೋಡ್ರಿ."

ಇಡೀ ದಿನದ ಮೂತ್ರ ಕೂಡಿಸಿ ಅದರಲ್ಲಿನ ಸೋಡಿಯಂ ಅಳೆಸಿದೆ. ಒಳಗೆ ಎಷ್ಟು ಉಪ್ಪು ಹೋಗುತ್ತಿದೆಯೆಂಬ ಅಂದಾಜು ಅದರಿಂದ ಸಿಗುತ್ತದೆ. ಅಂಕಿ ದಂಡಿಯಾಗಿ ಬಂತು. ನಮ್ಮ ವಿಭಾಗದ ಹಿರಿಯ ತಜ್ಞರು, ಹುಟ್ಟಾ ವಡೋದರಾದವರು, ವರದಿ ನೋಡಿ ಅಡ್ಡಡ್ಡ ತಲೆಯಾಡಿಸಿದರು. ಬೆನ್ ಅಂದರೆ ಅಕ್ಕ, ಇಲ್ಲಿ ಹೆಂಗಸರನ್ನೆಲ್ಲ ಕರೆಯುವುದು ಹಾಗೆಯೇ. "ಬೆನ್, ನೀರಿಳಿಸುವ ಮಾತ್ರೆಯೇ ಉಪ್ಪನ್ನು ಹೊರಗೆ ತಳ್ಳುತ್ತದೆ. ಇದನ್ನು ನಂಬಬೇಡಿ." ಅವರ ಮಾತು ಪೂರ್ತಿ ತಪ್ಪಲ್ಲ. ಆದರೂ ಒಳಗೆ ಹೋಗದ ಉಪ್ಪು ವಾರಗಟ್ಟಲೆ ಹೊರಗೆ ಬರುತ್ತಲೇ ಇರಲು ಮನುಷ್ಯನ ದೇಹ ಕಚ್ಛದ ಉಪ್ಪಿನ ಬಯಲಲ್ಲ ಎಂದು ನನಗನ್ನಿಸಿತು.

ಹಾಗಾಗಿ ಒಂದು ಭಾನುವಾರ ಮಂಜಲ್‌ಪುರದ ಆ ಫ್ಲ್ಯಾಟಿಗೆ ಹೋಗಿಯೇಬಿಟ್ಟೆ. ಡಬ್ಬಿಗಳನ್ನೆಲ್ಲ ತೆರೆದು ಮೂಸಿದೆ. ಉಪ್ಪಿನಕಾಯಿ ಭರಣಿ ಅಟ್ಟಕ್ಕೇರಿತ್ತು. ಹಪ್ಪಳದ ಡಬ್ಬಿಯಲ್ಲಿ ರಬ್ಬರ್ ಬ್ಯಾಂಡುಗಳಿದ್ದವು. ಆಸ್ಪತ್ರೆಗೆ ಕಳಿಸಲೆಂದು ತೆಗೆದಿಟ್ಟಿದ್ದ ಕಾಕಾನ ಪಾಲಿನ ಸಾರನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ನುಂಗಲು ಸ್ವಲ್ಪ ಧೈರ್ಯ ಬೇಕಾಯಿತು. ಸೊಸೆ ನನ್ನ ಮುಖವನ್ನೇ ನೋಡುತ್ತಿದ್ದಳು, ಅವಳ ಮುಖದಲ್ಲಿ ಗೆದ್ದ ಕಳೆ. ಅಲ್ಲೇ ಆಕೆಯ ಕ್ಷಮೆ ಕೇಳಿ, ಉಪ್ಪು ಹಾಕಿದ ಸಾರಿನಲ್ಲಿ ಊಟ ಮಾಡಿ ಬಂದೆ.

ಸೋಮವಾರ ಹಿರಿಯ ತಜ್ಞರು ನಿರ್ಧಾರ ಹೇಳಿದರು. ಮಾತ್ರೆಗಳು ಸೋತಿವೆ, ಅಹಮದಾಬಾದಿನ ದೊಡ್ಡ ಆಸ್ಪತ್ರೆಗೆ ಕಳಿಸಿ, ಎದೆಯೊಳಗೆ ಯಂತ್ರ ಕೂರಿಸಿ, ಹೃದಯಕ್ಕೆ ಮೂರು ತಂತಿ ಇಳಿಸಿ ಬಡಿತ ಹೊಂದಿಸಬೇಕು. ಕಾಕಾನ ಇಸಿಜಿಗೆ ಅದು ಹೊಂದುವ ಚಿಕಿತ್ಸೆಯೇ. ಮುಂದಿನ ವಾರಕ್ಕೆ ದಿನವೂ ಸಿಕ್ಕಿತು. ಕಾಕಾ ಹಾಸಿಗೆಯಲ್ಲಿ ಕಾಲು ಇಳಿಬಿಟ್ಟು ಕೂತು ಕೇಳಿಸಿಕೊಂಡರು.

"ಗಾಡಿ ಹಿಂದಿನ... ಬ್ರೇಕ್ ವ್ಯಾನಿನ್ಯಾಗ... ಒಬ್ನ ಕುಂತು... ರಾತ್ರಿಗಟ್ಲೆ ತಿರಗೇನ್ರಿ. ಅಂಜಾವಲ್ಲ. ಆದ್ರ ಎದಿಯಾಗ ತಂತಿ... ಅಂದ್ರ ಯಾಕೋ... ಅಂಜಿಕಿ ಬರತೈತಿ." ಸ್ವಲ್ಪ ತಡೆದು, "ಹಾಕಿದ ಮ್ಯಾಲೂ... ಹಿಂಗ ಇದ್ರ?" ಎಂದರು.

ಆ ಪ್ರಶ್ನೆ ನನ್ನ ತಲೆಯಲ್ಲೂ ಕೊರೆಯುತ್ತಿತ್ತು. ಯಾಕೆ ನೀರು ತುಂಬುತ್ತಿದೆಯೆಂದು ಗೊತ್ತಾಗದೆ ಯಂತ್ರ ಹಾಕಿದರೆ, ಸೋರುವ ಮನೆಗೆ ಹೊಸ ಬಾಗಿಲು ಇಟ್ಟಂತಾಗುತ್ತದೆ. ಸದ್ಯಕ್ಕೆ ಅದೇ ಔಷಧ ಮುಂದುವರಿಸಿ, ಅಹಮದಾಬಾದಿಗೆ ಹೋಗುವವರೆಗೆ ದಿನಾ ಫೋನಿನಲ್ಲಿ ತೂಕ ತಿಳಿಸಬೇಕೆಂದು ಹೇಳಿ ಮನೆಗೆ ಕಳಿಸಿದೆ.

ಅದು ಆಷಾಢ. ಗುಜರಾತಿನ ಹೆಣ್ಣುಮಕ್ಕಳು ಆಗ ಐದು ದಿನ ಗೌರಿ ವ್ರತ ಹಿಡಿಯುತ್ತಾರೆ. ಪುಟ್ಟ ಬುಟ್ಟಿಯಲ್ಲಿ ಗೋಧಿ ಮೊಳಕೆ ಬೆಳೆಸಿ ಪೂಜೆ ಮಾಡುತ್ತಾರೆ, ಅಷ್ಟೂ ದಿನ ಉಪ್ಪು ಮುಟ್ಟುವುದಿಲ್ಲ. ಗೌರಿಯನ್ನು ಅವರು ಕರೆಯುವುದು ಗೋರಮಾ ಎಂದು. ಅಪಾರ್ಟ್‌ಮೆಂಟಿನ ಗೆಳತಿಯರ ಜೊತೆ ಕಾಕಾನ ಮೊಮ್ಮಗಳೂ ವ್ರತ ಹಿಡಿದಿದ್ದಳು. ಗದಗದ ಮನೆತನಕ್ಕೆ ಇಲ್ಲದ ವ್ರತ ಇದು, ಆದರೆ ಇಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ಗೆಳತಿಯರೆಲ್ಲ ಕೈಗೆ ಮೆಹಂದಿ ಹಚ್ಚಿಕೊಂಡು ಓಡಾಡುವಾಗ ತಾನೊಬ್ಬಳೇ ಸುಮ್ಮನಿರುವುದು ಹೇಗೆ? ಸಪ್ಪೆ ಊಟಕ್ಕೆ ಅವಳು ಮುಖ ಸಿಂಡರಿಸಿದ್ದನ್ನು ನೋಡಿ ಕಾಕಾ, ನಂದೂ ಸಪ್ಪನ ಊಟನೇ, ಜೊತಿಗೆ ನಾನೂ ವ್ರತ ಹಿಡೀತೇನಿ ಎಂದು ಮಾತು ಕೊಟ್ಟಿದ್ದರಂತೆ. ಇದನ್ನು ಸೊಸೆ ಫೋನಿನಲ್ಲಿ ನಗುತ್ತಾ ಹೇಳಿದಳು. ನಾನೂ ನಕ್ಕು ಮರೆತೆ.

ವ್ರತದ ಎರಡನೆಯ ಬೆಳಿಗ್ಗೆ ತೂಕ ಇಳಿಯಿತು. ಮರುದಿನ ಇನ್ನಷ್ಟು ಇಳಿಯಿತು. ಮಾತ್ರೆ ಕೊನೆಗೂ ಹಿಡಿಯಿತು ಎಂದುಕೊಂಡೆ. ಅದರ ಮರುದಿನ ಸೊಸೆಯ ದನಿ ಬೇರೆಯಾಗಿತ್ತು.

"ಮಾವ ಎದ್ದು ನಿಂತ ಕೂಡ್ಲೇ ಕಣ್ಣಿಗೆ ಕತ್ಲಿ ಬಂತಂತ ಗ್ವಾಡಿ ಹಿಡದು ಕುಂತ್ರು ಮೇಡಮ್."

ಆಸ್ಪತ್ರೆಗೆ ಕರೆಸಿದೆ. ರಕ್ತದೊತ್ತಡ ಕೆಳಗಿಳಿದಿತ್ತು, ನಿಲ್ಲಿಸಿ ನೋಡಿದರೆ ಇನ್ನೂ ಕೆಳಗೆ. ಹಿರಿಯ ತಜ್ಞರು ಬಂದು ಅಂಕಿ ನೋಡಿದವರೇ, "ಹೃದಯ ಕೈಬಿಡುತ್ತಿದೆ. ಐಸಿಯುಗೆ ಹಾಕಿ, ಇವತ್ತೇ ಅಹಮದಾಬಾದಿಗೆ ಮಾತಾಡಿ," ಎಂದರು. ಒತ್ತಡ ಇಳಿಯುವುದಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಾರಣ, ದೇಹದಲ್ಲಿ ಇಳಿಸಲು ನೀರೇ ಉಳಿದಿಲ್ಲದಿರುವುದು. ಎರಡಕ್ಕೂ ಚಿಕಿತ್ಸೆ ತದ್ವಿರುದ್ಧ. ಮೊದಲನೆಯದನ್ನು ಎರಡನೆಯದೆಂದು ತಿಳಿದರೆ ಕಾಕಾ ಉಳಿಯುವುದಿಲ್ಲ.

ಹಾಸಿಗೆಯ ಪಕ್ಕ ಕೂತು ಮೊದಲಿನಿಂದ ಮತ್ತೆ ಪರೀಕ್ಷೆ ಮಾಡಿದೆ. ಸೋತ ಹೃದಯದವರ ಕೈಕಾಲು ತಣ್ಣಗಿರುತ್ತವೆ, ಕಾಕಾನ ಪಾದ ಬೆಚ್ಚಗಿತ್ತು. ಒತ್ತಿದರೆ ಗುಳಿಯಿಲ್ಲ. ನಾಲಿಗೆ ಒಣಗಿತ್ತು. ಕುತ್ತಿಗೆಯ ರಕ್ತನಾಳ ಎಲ್ಲಿದೆಯೆಂದು ಹುಡುಕಬೇಕಾಯಿತು. ಬೆನ್ನಿನಲ್ಲಿ ಸಾಸಿವೆಯ ಸದ್ದು ನಿಂತಿತ್ತು. ಮಂಚದ ತಲೆಭಾಗವನ್ನು ನಿಧಾನವಾಗಿ ಇಳಿಸುತ್ತಾ ಹೋದೆ. ಪೂರ್ತಿ ಸಮವಾದರೂ ಕಾಕಾ ಏದುಸಿರು ಬಿಡಲಿಲ್ಲ, ಚಾವಣಿಯ ಫ್ಯಾನು ನೋಡುತ್ತಾ ಆರಾಮವಾಗಿ ಮಲಗಿದ್ದರು. ಎಕೋದಲ್ಲಿ ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ರಕ್ತನಾಳ ಬತ್ತಿದಂತೆ ಕಂಡಿತು.

"ಇವರು ಒಣಗಿದ್ದಾರೆ ಸರ್," ಎಂದೆ. "ನೀರಿಳಿಸುವ ಮಾತ್ರೆಯನ್ನು ಅರ್ಧಕ್ಕೆ ಇಳಿಸುತ್ತೇನೆ. ಹೃದಯದ ಮಾತ್ರೆ ಮುಂದುವರಿಯಲಿ. ಸಂಜೆಯವರೆಗೆ ವಾರ್ಡಿನಲ್ಲೇ ನನ್ನ ಕಣ್ಣೆದುರು ಇರಲಿ. ಅಹಮದಾಬಾದಿನ ದಿನವನ್ನು ಮುಂದೂಡಿ."

ಅವರು ಕನ್ನಡಕ ತೆಗೆದು ಒರೆಸಿದರು. "ತಪ್ಪಾದರೆ ಇದು ನಿಮ್ಮ ನಿರ್ಧಾರ, ಬೆನ್."

"ಹೌದು ಸರ್," ಎಂದೆ. ದನಿ ಗಟ್ಟಿಯಾಗಿಯೇ ಬಂತು. ಆದರೆ ಆ ಮಧ್ಯಾಹ್ನ ನಾನು ಊಟದ ಡಬ್ಬಿ ತೆರೆಯಲಿಲ್ಲ, ಏನೋ ನೆಪ ಮಾಡಿಕೊಂಡು ಪದೇ ಪದೇ ಕಾಕಾನ ಮಂಚದ ಹತ್ತಿರ ಹೋಗಿ ಬರುತ್ತಿದ್ದೆ. ಸಂಜೆಗೆ ಒತ್ತಡ ಏರಿತು. ಕಾಕಾ ಎದ್ದು ನಿಂತರು, ಕತ್ತಲೆ ಬರಲಿಲ್ಲ. ನಾನು ಕ್ಯಾಂಟೀನಿಗೆ ಹೋಗಿ ಒಂದರ ಬದಲು ಎರಡು ಚಹಾ ಕುಡಿದೆ.

ಆದರೆ ಮಾತ್ರೆ ಅದೇ, ಮನೆಯ ಊಟ ಮೊದಲಿನಿಂದಲೂ ಸಪ್ಪೆ. ಹಾಗಿದ್ದರೆ ಬದಲಾದದ್ದೇನು? ವ್ರತದ ಕೊನೆಯ ದಿನ ಕಾಕಾ ತಪಾಸಣೆಗೆ ಬಂದಾಗ ಮೊಮ್ಮಗಳೂ ಜೊತೆಗಿದ್ದಳು. ಹತ್ತು ವರ್ಷ ಇರಬಹುದು, ಮೊಣಕೈವರೆಗೆ ಮೆಹಂದಿ, ಕೈಯಲ್ಲಿ ಬಾದಾಮಿ ದ್ರಾಕ್ಷಿಯ ಡಬ್ಬಿ. ಸುಮ್ಮನೆ ಮಾತಿಗೆಳೆಯಲು, ಅಜ್ಜನನ್ನು ಅವಳು ಕರೆಯುವ ಹೆಸರಿನಲ್ಲೇ, "ದಾದಾ ವ್ರತ ಸರಿಯಾಗಿ ಮಾಡಿದರಾ?" ಎಂದೆ.

"ಫಸ್ಟ್ ಡೇ ಚೀಟಿಂಗ್ ಮಾಡ್ತಾ ಇದ್ರು ಆಂಟಿ. ನಾನು ಪಕಡ್ ಲಿಯಾ."

"ಏನು ಚೀಟಿಂಗ್?"

"ಊಟ ಆಗಿ ಸೋಡಾ ಕುಡೀಲಿಕ್ಕೆ ಹೋಗೋದು. ನಾನು ಬೋಲಿ, ನೋ ಸೋಡಾ ದಾದಾ, ವ್ರತ ಟೂಟ್ ಹೋಗ್ತದೆ. ಅದ್ರಲ್ಲಿ ಸಂಚಳ್ ಹಾಕ್ತಾರೆ ನಾ, ಕಾಲಾ ನಮಕ್, ಬ್ಲ್ಯಾಕ್ ಸಾಲ್ಟ್. ಲಾಸ್ಟ್ ಇಯರ್ ನಾನು ಜೀರಾ ಸೋಡಾ ಕುಡಿದೆ, ಫ್ರೆಂಡ್ಸ್ ಎಲ್ಲಾ ಬೋಲೇ, ತೇರಾ ವ್ರತ ಗಯಾ. ನಾನು ಬಹುತ್ ಅತ್ತೆ." ಬಾದಾಮಿ ಅಗಿಯುತ್ತಾ ಮುಂದುವರಿಸಿದಳು. "ದಾದಾ ಪಾಕೆಟ್‌ನಲ್ಲಿ ವೈಟ್ ಪೌಡರ್ ಭೀ ಇತ್ತು. ಟೇಸ್ಟ್ ಮಾಡಿದೆ, ಉಪ್ಪುಪ್ಪು. ಅದೂ ಲೇ ಲಿಯಾ."

ನಾನು ನಿಧಾನವಾಗಿ ಕಾಕಾನ ಕಡೆ ತಿರುಗಿದೆ. ಅವರು ಗೋಡೆಯ ಚಿತ್ರ ನೋಡುತ್ತಿದ್ದರು, ಈ ಸಲ ಉಸಿರಿಗಾಗಿ ಅಲ್ಲ.

"ಕಾಕಾ, ಎಷ್ಟು ಸೋಡಾ?"

"ದಿನಾ ರಾತ್ರಿ ಎರಡು ಗ್ಲಾಸ್ ರಿ. ಹೊಟ್ಟಿ ಉಬ್ಬಿದ ದಿನ ಮೂರು. ಆ ಪುಡಿ ಮುಂಜಾನೆ ಸಂಜಿ, ನೀರಾಗ ಹಾಕಿದ್ರ ಬುರಬುರ ಅಂತೈತಲ್ಲ, ಅದು. ಪಚನಕ್ಕರಿ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ನೀವು ಏನ್ ಉಣತೀರಿ ಅಂತ ಕೇಳಿದ್ರಿ, ಹೇಳಿದೆ. ಎಷ್ಟು ನೀರು ಕುಡೀತೀರಿ ಅಂದ್ರಿ, ಸೋಡಾದ್ದೂ ಹಿಡದ ಹೇಳೇನ್ರಿ. ಅದಕ್ಕಂತ ಮನ್ಯಾಗ ನೀರು ಕಮ್ಮಿ ಕುಡೀತಿದ್ದೆ." ಅವರ ಮುಖದಲ್ಲಿ ನಿಜವಾದ ನೋವಿತ್ತು. ಸುಳ್ಳು ಹೇಳಿದವನೆಂದು ನಾನು ತಿಳಿದೆನೇನೋ ಎಂಬ ನೋವು.

ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಗುಜರಾತಿನಲ್ಲಿ ಊಟವಾದ ಮೇಲೆ ಸೋಡಾ ಗಾಡಿಯ ಹತ್ತಿರ ನಾಲ್ಕು ಜನ ಸೇರುವುದು ನಮ್ಮ ಕಡೆ ಎಲೆ ಅಡಿಕೆ ಹಾಕಿಕೊಂಡಷ್ಟೇ ಸಹಜ. ಅದನ್ನು ಯಾರೂ ಊಟದಲ್ಲಿ ಸೇರಿಸುವುದಿಲ್ಲ. ಮನೆಯವರು ಅದನ್ನು ವಾಕಿಂಗ್ ಎನ್ನುತ್ತಿದ್ದರು, ಕಾಕಾ ಔಷಧ ಎನ್ನುತ್ತಿದ್ದರು. ಸೋತ ಹೃದಯದಿಂದ ಕರುಳಿನಲ್ಲೂ ಯಕೃತ್ತಿನಲ್ಲೂ ನೀರು ನಿಂತು ಹೊಟ್ಟೆ ಉಬ್ಬುತ್ತಿತ್ತು. ಉಬ್ಬಿದಾಗ ಗ್ಯಾಸ್ ಎಂದು ಕಾಕಾ ಸೋಡಾ ಕುಡಿಯುತ್ತಿದ್ದರು, ಪುಡಿ ಹಾಕುತ್ತಿದ್ದರು. ಎರಡರಲ್ಲೂ ಭರ್ತಿ ಸೋಡಿಯಂ. ಅದು ಇನ್ನಷ್ಟು ನೀರು ಹಿಡಿದು ಹೊಟ್ಟೆಯನ್ನು ಇನ್ನಷ್ಟು ಉಬ್ಬಿಸುತ್ತಿತ್ತು. ಅದನ್ನು ಸೋಲಿಸಲು ನಾನು ಮಾತ್ರೆ ಏರಿಸಿದ್ದೆ. ವ್ರತ ಬಂದು ಸೋಡಾ ನಿಂತಾಗ ಆ ದೊಡ್ಡ ಮಾತ್ರೆಗೆ ಎದುರಾಳಿಯೇ ಇರಲಿಲ್ಲ, ಕಾಕಾ ಒಣಗಿಹೋದರು. ಇದನ್ನೆಲ್ಲ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದೆ. ಹುಡುಗಿ ನನಗಿಂತ ಬೇಗ ಅರ್ಥ ಮಾಡಿಕೊಂಡು ದಾದಾನನ್ನು ದುರುಗುಟ್ಟಿ ನೋಡಿದಳು.

ಆ ಸಂಜೆ ಗಂಡನನ್ನು ಕರೆದುಕೊಂಡು ಮಂಜಲ್‌ಪುರದ ಆ ಸೋಡಾ ಗಾಡಿಗೆ ಹೋದೆ. ಗಾಡಿಯವ ಗ್ಲಾಸಿಗೆ ನಿಂಬೆ ಹಿಂಡಿ, ಸಂಚಳ್ ಡಬ್ಬಿಯಿಂದ ಚಮಚ ತುಂಬ ತೆಗೆದು ಹಾಕಿ, ಮೇಲಿನಿಂದ ಸೋಡಾ ಬಿಟ್ಟ. ಬುಸ್ಸೆಂದು ನೊರೆ ಏರಿತು. ಕುಡಿದು ನೋಡಿದೆ. ಬಹಳ ಚೆನ್ನಾಗಿತ್ತು, ಕಾಕಾನ ಮೇಲಿದ್ದ ಸಿಟ್ಟು ಅಲ್ಲೇ ಇಳಿಯಿತು.

ವ್ರತ ಮುಗಿದ ಬೆಳಿಗ್ಗೆ ಕಾಕಾ ಫೋನ್ ಮಾಡಿದರು. ಮೊಮ್ಮಗಳು ಉಪ್ಪು ಹಾಕಿದ ಪೂರಿ ತಿನ್ನುತ್ತಿದ್ದಾಳೆ ಎಂದರು. "ಅಕೀದು ಮುಗೀತು. ನಂದು ಎಂದ ಮುಗೀತೈತ್ರಿ?"

"ನಿಮ್ಮದು ಮುಗಿಯೋದಿಲ್ಲ ಕಾಕಾ," ಎಂದೆ. "ಆದರೆ ಗಾಡಿ ಹತ್ತಿರ ಹೋಗಿ ಗೆಳೆಯರ ಜೊತೆ ಕೂರಿ. ನಿಂಬೆ, ಸಕ್ಕರೆ, ಬರೀ ಸೋಡಾ ನೀರು, ಅದೂ ಒಂದೇ ಗ್ಲಾಸ್. ಸಂಚಳ್ ಇಲ್ಲ, ಪುಡಿ ಇಲ್ಲ."

"ಒಂದು ಗ್ಲಾಸ್," ಎಂದು ಅವರು ಒಪ್ಪಿಕೊಂಡರು.

ಮಳೆಗಾಲ ಮುಗಿದು ಊರು ನವರಾತ್ರಿಗೆ ಸಜ್ಜಾಗುವ ಹೊತ್ತಿಗೆ ಕಾಕಾ ಮತ್ತೆ ಬಂದರು. ಅಷ್ಟು ದಿನದಲ್ಲಿ ಒಮ್ಮೆಯೂ ದಾಖಲಾಗಿರಲಿಲ್ಲ. ಹಿರಿಯ ತಜ್ಞರು ತಾವೇ ಕಾಕಾನ ಜೊತೆ ಕಾರಿಡಾರಿನ ಉದ್ದಕ್ಕೂ ನಡೆದು ಬಂದರು, ತಾವೇ ಎಕೋ ಮಾಡಿದರು. ಹೃದಯ ಪೂರ್ತಿ ಸರಿಹೋಗಿರಲಿಲ್ಲ, ಹೋಗುವುದೂ ಇಲ್ಲ. ಆದರೆ ಸೋಮಾರಿತನ ಕಡಿಮೆಯಾಗಿತ್ತು. "ಅಹಮದಾಬಾದ್ ಸದ್ಯಕ್ಕೆ ಬೇಡ," ಎಂದು ಹೇಳಿ, ಹೋಗುವಾಗ ನನ್ನ ಕಡೆ ತಿರುಗಿ, "ನಿಮ್ಮ ನಿರ್ಧಾರ ಸರಿಯಿತ್ತು, ಬೆನ್," ಎಂದರು. ನನಗೆ ಆಗ ಆದ ಖುಷಿಯನ್ನು ಮುಚ್ಚಿಡಲು ಬರಲಿಲ್ಲ.

ಕಾಕಾ ಸೀದಾ ಬಂದು ಕುರ್ಚಿಯಲ್ಲಿ ಕೂತರು. ಹೇಗಿದ್ದೀರಿ ಎಂದು ಕೇಳಿದೆ.

"ಹೆಂಗಿರೂದ್ರಿ ಡಾಕ್ಟರಬಾಯಾರ, ಸಾರು ನೋಡಿದ್ರ ಬಿಸಿನೀರಿಗೆ ಟೊಮ್ಯಾಟೊ ತೋರ್ಸಿ ತಗದಂಗಿರತೈತಿ, ರೊಟ್ಟಿ ಅಂದ್ರ ಬರೇ ರೊಟ್ಟಿ, ಮೊಮ್ಮಗಳು ನಾ ಹೊರಗ ಹೊಂಟ್ರ ಪೊಲೀಸರ ಗತೆ ಕಿಸೆ ತಡವಿ ನೋಡ್ತಾಳ, ಸೋಡಾದಾಂವ ನಾ ದೂರ ಕಂಡ ಕೂಡ್ಲೇ ಸಂಚಳ್ ಡಬ್ಬಿ ಮುಚ್ಚಿ ಹಲ್ಲು ಕಿಸೀತಾನ, ದೋಸ್ತರು ಬೇಕಂತ ನನ್ನ ಮುಂದ ಮಸಾಲಾ ಸೋಡಾ ಕುಡದು ಜೋರ್ ಜೋರ್ ತೇಗತಾರ, ಮಗ ಅಂದ್ರ ತೂಕದ ಮಷೀನ್ ಮ್ಯಾಲ ನಿಂದ್ರಸಿ ಗೂಡ್ಸ್ ಗಾಡಿ ಮಾಲಿನಂಗ ತೂಗತಾನ, ಹಬ್ಬಕ್ಕ ಬೀಗರ ಮನಿಗೆ ಹ್ವಾದ್ರ ಅಲ್ಲೂ ಸೊಸಿ ಫೋನ್ ಮಾಡಿ ಮದ್ಲ ಹೇಳಿಟ್ಟಿರ್ತಾಳ, ಹಿಂಗಾದ್ರ ಮನಶ್ಯಾ ಬಾಯಿಗೆ ರುಚಿ ಅನ್ನೂದನ್ನ ಎಲ್ಲಿ ಹುಡಕಬೇಕು ನೀವ ಹೇಳ್ರಿ..."

ಹೊರಗೆ ರೋಗಿಗಳ ಸಾಲು ಬೆಳೆಯುತ್ತಿತ್ತು. ಕಾಕಾ ಎಲ್ಲೂ ಉಸಿರಿಗೆ ನಿಲ್ಲದೆ ಬಯ್ಯುತ್ತಲೇ ಇದ್ದರು. ನಾನು ಮಧ್ಯೆ ಬಾಯಿ ಹಾಕಲಿಲ್ಲ.